ನಡುಕೋಣೆಯ ಅಳತೆ

ಪಾಲಿಶ್ ತಾತ ನಡುಕೋಣೆಯ ಹೊಸ್ತಿಲು ದಾಟಲೇ ಇಲ್ಲ. ನೆಲ ಉಜ್ಜಿ ಪಾಲಿಶ್ ಹಾಕಲು ಎಷ್ಟಾಗುತ್ತದೆಂದು ಕೇಳಲು ಮೇಸ್ತ್ರಿ ಅವನನ್ನು ಕರೆತಂದಿದ್ದ. ಬೀದಿಬಾಗಿಲಿನಿಂದ ಹಜಾರದವರೆಗೆ ಸಲೀಸಾಗಿ ನಡೆದುಬಂದ ಮುದುಕ ಆ ಕೋಣೆಯ ಮುಂದೆ ನಿಂತವನು ನಿಂತೇಬಿಟ್ಟ. ಮೂಗರಳಿಸಿ ಒಳಗಿನ ಗಾಳಿಯನ್ನು ಮೂಸಿದ. ಹಸಿ ಸುಣ್ಣದ ವಾಸನೆ, ಅದರಡಿಯಲ್ಲಿ ಕೂದಲು ಸುಟ್ಟ ಕಮಟು. ಆ ಮನೆಗೆ ಸುಣ್ಣ ಬಳಿದು ಹನ್ನೆರಡು ವರ್ಷವಾಗಿತ್ತು.

“ಅಮ್ಮಾ, ಈ ಮನೇಲಿ ನಿಂತ್ಕೊಂಡು ಕೂಲಿ ವಿಷಯದಲ್ಲಿ ಸುಳ್ಳು ಹೇಳ್ಬೇಡಿ,” ಎಂದ. “ಕೊಡೋರೂ ಹೇಳ್ಬಾರ್ದು, ತಗೊಳ್ಳೋರೂ ಹೇಳ್ಬಾರ್ದು.”

“ಬೇರೆ ವಿಷಯದಲ್ಲಿ ಹೇಳ್ಬಹುದಾ ತಾತ?” ಎಂದು ಮನೆಯೊಡತಿ ಟೈಲರಮ್ಮ ನಕ್ಕಳು. ಮೇಸ್ತ್ರಿಯೂ ನಕ್ಕ, ಸ್ವಲ್ಪ ತಡವಾಗಿ.

ತಾತ ನಗಲಿಲ್ಲ. ಹೊಸ್ತಿಲಿಂದ ಎರಡು ಹೆಜ್ಜೆ ಹಿಂದೆ ಸರಿದು ನಿಂತು ಕತೆ ಹೇಳಿದ. ಈ ಮನೆ ಕಟ್ಟಿದ್ದು ಅವನ ಅಣ್ಣ. ಗೋಡೆಯ ಅಳತೆಗೆ ಇಷ್ಟು ಕೂಲಿ ಎಂದು ಮಾತಾಗಿತ್ತು. ಕೆಲಸ ಮುಗಿದು ಅಳೆಯುವ ದಿನ ಮಾಲೀಕ ತನ್ನದೇ ಟೇಪು ತಂದ. ವರ್ಷಗಟ್ಟಲೆ ಎಳೆದೆಳೆದು ಹಿಗ್ಗಿಹೋದ ಬಟ್ಟೆಯ ಟೇಪು ಅದು. ಹತ್ತು ಅಡಿಯ ಗೋಡೆ ಅದರಲ್ಲಿ ಒಂಬತ್ತೇ ಅಡಿ ತೋರಿಸುತ್ತಿತ್ತು. ಹಾಗೆ ಮನೆಯುದ್ದಕ್ಕೂ ಹತ್ತರಲ್ಲೊಂದು ಪಾಲು ಕೂಲಿಯನ್ನು ಆ ಪುಣ್ಯಾತ್ಮ ನುಂಗಿ ನೀರು ಕುಡಿದ. ಅಣ್ಣನ ಹೆಂಡತಿ ಆಗ ಆಸ್ಪತ್ರೆಯಲ್ಲಿದ್ದಳು, ಅವಳ ಔಷಧಿಗೆ ಕಡಿಮೆ ಬಿದ್ದದ್ದು ಅಷ್ಟೇ ದುಡ್ಡು. ಅವಳು ಸತ್ತ ಮಾರನೆಯ ದಿನ ಅಣ್ಣ ಇಲ್ಲಿಗೆ ಬಂದ. ಗೋಡೆ ನೆಟ್ಟಗಿದೆಯೇ ಎಂದು ನೋಡಲು ದಾರಕ್ಕೆ ಕಟ್ಟಿ ಇಳಿಬಿಡುವ ತೂಕದ ಗುಂಡಿಗೆ ಅವಳ ಕೂದಲು ಸುತ್ತಿ, ತನ್ನ ಅಂಗೈ ಕೊಯ್ದು ರಕ್ತ ಸವರಿ, ಈ ಹೊಸ್ತಿಲಿನಡಿ ಹೂತ. ಕೂಲಿಯಲ್ಲಿ ಮೋಸ ಮಾಡುವವರ ಅಳತೆಯನ್ನು ಈ ಕೋಣೆ ತಿನ್ನಲಿ ಎಂದ. ನಾಲ್ಕು ತಿಂಗಳಲ್ಲಿ ಮಾಲೀಕ ಇದೇ ಕೋಣೆಯಲ್ಲಿ ನಿಂತ ಭಂಗಿಯಲ್ಲೇ ಸತ್ತಿದ್ದ. ಪಕ್ಕೆಲುಬುಗಳೆಲ್ಲ ಒಳಕ್ಕೆ ಮುರಿದಿದ್ದವು. ಅವನ ಮಗ ಬಂದು ಬಾಕಿ ಕೂಲಿಯನ್ನು ಪೂರಾ ಚುಕ್ತಾ ಮಾಡಿದ ಮೇಲೆಯೇ ಗೋಡೆಗಳು ತಮ್ಮ ಜಾಗಕ್ಕೆ ತಾವು ಹೋದದ್ದು. ಆದರೆ ಹೂತದ್ದನ್ನು ಎತ್ತುವ ಮಂತ್ರ ಅಣ್ಣನೊಬ್ಬನಿಗೇ ಗೊತ್ತಿತ್ತು, ಅವನೂ ಅಷ್ಟರಲ್ಲಿ ತೀರಿಕೊಂಡಿದ್ದ.

ಟೈಲರಮ್ಮ ಇಪ್ಪತ್ತೆರಡು ವರ್ಷದಿಂದ ಕುತ್ತಿಗೆಗೆ ಟೇಪು ನೇತುಹಾಕಿಕೊಂಡೇ ಬದುಕಿದವಳು. ಟೇಪು ಹೇಳಿದ್ದನ್ನು ಮಾತ್ರ ನಂಬುತ್ತಿದ್ದಳು. ತನಗೂ ಒಬ್ಬಳು ಗಿರಾಕಿ ಇದ್ದಾಳೆ, ಅವಳು ದಪ್ಪಗಾದಾಗಲೆಲ್ಲ ಟೈಲರಮ್ಮನ ಟೇಪಿಗೆ ಯಾರೋ ಮಾಟ ಮಾಡಿಸಿದ್ದಾರೆ ಅನ್ನುತ್ತಾಳೆ ಎಂದು ತಾತನಿಗೆ ಹೇಳಿ, ಟೀಗೆಂದು ಚಿಲ್ಲರೆ ಕೊಟ್ಟು ಕಳಿಸಿದಳು. ಮುದುಕ ಚಿಲ್ಲರೆಯನ್ನು ಗೇಟಿನ ಮೇಲಿಟ್ಟು ಹೋದ.

ಅವಳಿಗೆ ಮಾಟದ ಬಗ್ಗೆ ಯೋಚಿಸಲು ಪುರುಸೊತ್ತಿರಲಿಲ್ಲ. ಗಂಡ ಆಸ್ಪತ್ರೆಯಲ್ಲಿದ್ದ. ಬಸ್ ಡ್ರೈವರ್. ಎಂಥ ಇಕ್ಕಟ್ಟಿನ ಗಲ್ಲಿಯಲ್ಲೂ ಒಂದಿಂಚು ಆಚೀಚೆ ಬಿಟ್ಟು ಬಸ್ಸು ನುಗ್ಗಿಸುತ್ತಾನೆಂದು ಡಿಪೋದವರು ಅವನಿಗೆ ಇಂಚಣ್ಣ ಎಂದೇ ಹೆಸರಿಟ್ಟಿದ್ದರು. ನಿಂತಿದ್ದ ಬಸ್ಸಿನ ಚಕ್ರ ನೋಡಲು ಇಳಿದಾಗ ಹಿಂದಿನಿಂದ ಲಾರಿ ಬಂದು ಗುದ್ದಿ, ಸೊಂಟದಿಂದ ಕೆಳಗೆ ಎಲ್ಲ ಮುಗಿದುಹೋಗಿತ್ತು. ಅವರು ಬಾಡಿಗೆಗಿದ್ದದ್ದು ಮೂರನೇ ಮಹಡಿಯಲ್ಲಿ, ಲಿಫ್ಟಿಲ್ಲದ ಕಟ್ಟಡದಲ್ಲಿ. ಅಪಘಾತದ ಪರಿಹಾರವನ್ನೆಲ್ಲ ಸುರಿದು ಅವಳು ಈ ಹಳೆಯ ಮನೆ ಕೊಂಡದ್ದು, ಇದು ನೆಲಮಟ್ಟದಲ್ಲಿದೆ ಎಂಬ ಒಂದೇ ಕಾರಣಕ್ಕೆ. ನಡುಕೋಣೆಯ ಬಾಗಿಲನ್ನು ಗಾಲಿಕುರ್ಚಿ ಹಿಡಿಸುವಷ್ಟು ಅಗಲಿಸಬೇಕು, ಪಕ್ಕಕ್ಕೇ ಬಚ್ಚಲು ಕಟ್ಟಬೇಕು, ಅಡುಗೆಮನೆ ಸರಿಮಾಡಬೇಕು, ಮೆಟ್ಟಿಲ ಜಾಗದಲ್ಲಿ ಇಳಿಜಾರು ಹಾಕಬೇಕು. ಆಸ್ಪತ್ರೆಯವರು ಮಂಚ ತೆರವು ಮಾಡಲು ಎರಡು ತಿಂಗಳ ಗಡುವು ಕೊಟ್ಟಿದ್ದರು. ಗಂಡನನ್ನು ಮನೆಗೆ ತರಬೇಕು, ತನ್ನ ಕಣ್ಣೆದುರು ಇಟ್ಟುಕೊಳ್ಳಬೇಕು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಮೇಸ್ತ್ರಿಯ ಬಾಯಲ್ಲಿ ಎಲ್ಲದಕ್ಕೂ ನಾಳೆ ಎಂಬುದೇ ಉತ್ತರವಾಗಿದ್ದರಿಂದ ಊರೆಲ್ಲ ಅವನನ್ನು ನಾಳೆ ಮೇಸ್ತ್ರಿ ಎನ್ನುತ್ತಿತ್ತು. ಆದರೂ ಅವತ್ತು, ತಾತ ಹೋದ ಮೇಲೆ, ಅವನು ನ್ಯಾಯವಾಗಿಯೇ ಕೇಳಿದ. ದುಡ್ಡಿನ ದಾರಿ ಹೇಗೆ? ಕೈಯಲ್ಲಿ ಅರ್ಧವೇ ಇದ್ದರೆ ಅರ್ಧ ಎಂದೇ ಹೇಳಿ. ಸದ್ಯಕ್ಕೆ ಬಾಗಿಲು, ಬಚ್ಚಲು ಎರಡನ್ನೇ ಮಾಡಿಕೊಡುತ್ತೇನೆ, ಉಳಿದದ್ದನ್ನು ಮುಂದಿನ ವರ್ಷ ನೋಡೋಣ. ನನ್ನ ಹಿಂದೆ ಒಂಬತ್ತು ಜನ ಕೆಲಸದವರಿದ್ದಾರೆ.

ಟೈಲರಮ್ಮನ ಕೈಯಲ್ಲಿ ಇದ್ದದ್ದು ನಿಜಕ್ಕೂ ಅರ್ಧವೇ. ಬ್ಯಾಂಕಿನವರು ಸಾಲದ ಮೊದಲ ಕಂತು ಕೊಟ್ಟು, ಎರಡನೆಯದು ಅವಳ ವರಮಾನಕ್ಕೆ ಕೂಡುವುದಿಲ್ಲವೆಂದು ಕಾಗದ ಬರೆದಿದ್ದರು. ಅದು ಅವಳ ಚೀಲದಲ್ಲೇ ಇತ್ತು. ನಿಜ ಹೇಳಿದರೆ ಈ ಮನುಷ್ಯ ಅರ್ಧ ಮನಸ್ಸಿನಿಂದ ಕೆಲಸ ಮಾಡುತ್ತಾನೆ, ಒಮ್ಮೆ ಕೈ ಹಚ್ಚಿದರೆ ನಡುವೆ ಬಿಟ್ಟು ಎಲ್ಲಿಗೆ ಹೋಗುತ್ತಾನೆ, ನಿಧಾನಕ್ಕೆ ಹೊಲಿದು ತೀರಿಸಿದರಾಯಿತು ಎಂದು ಅವಳ ಲೆಕ್ಕ. ಮನೆ ಕೆಲಸಕ್ಕೆ ಇಳಿದ ಎಷ್ಟೋ ಜನರದ್ದು ಇದೇ ಲೆಕ್ಕ.

“ಸಾಲ ಪೂರ್ತಿ ಆಗಿದೆ ಮೇಸ್ತ್ರಿ. ದುಡ್ಡು ಬ್ಯಾಂಕಲ್ಲೇ ಇದೆ. ನೀವು ಎಲ್ಲಾ ಕೆಲಸಾನೂ ಶುರು ಮಾಡಿ,” ಎಂದಳು.

ಗೋಡೆಯ ಒಳಗೆ ಎಲ್ಲೋ ಮರಳು ಜಾರಿದ ಸದ್ದಾಯಿತು. ಸರ್ರನೆ ಶುರುವಾಗಿ ಥಟ್ಟನೆ ನಿಂತಿತು. ಇಲಿ ಇರಬೇಕು ಎಂದ ಮೇಸ್ತ್ರಿ.

ಕೆಲಸ ಶುರುವಾಯಿತು. ಆಶ್ಚರ್ಯವೆಂದರೆ ನಾಳೆ ಮೇಸ್ತ್ರಿ ಹೇಳಿದ ದಿನವೇ ಬಂದ. ನಡುಕೋಣೆಯ ಬಾಗಿಲು ಒಡೆದು ಮೂವತ್ತಾರಿಂಚು ಅಗಲಿಸಿದರು. ಟೈಲರಮ್ಮ ತಾನೇ ಟೇಪು ಹಿಡಿದು ನೋಡಿ, ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸಿನಿಂದ ಗೋಡೆಯ ಮೇಲೆ ಬರೆದುಕೊಂಡಳು. ಸಂಜೆ ಪ್ಲಾಸ್ಟರ್ ಬಳಿದು ಮುಗಿಸಿದ ಮೇಸ್ತ್ರಿ ಹಜಾರದಲ್ಲಿ ಕೈ ತೊಳೆಯುತ್ತ ಎರಡನೇ ಕಂತಿನ ಮಾತೆತ್ತಿದ. ಸೋಮವಾರ ಬರುತ್ತದೆ ಎಂದಳು. ಬೆಳಿಗ್ಗೆ ಬಾಗಿಲು ಮೂವತ್ತನಾಲ್ಕೂವರೆ ಇತ್ತು.

ಮೇಸ್ತ್ರಿಯನ್ನು ಹಿಡಿದು ಝಾಡಿಸಿದಳು. ಪ್ಲಾಸ್ಟರಿನ ದಪ್ಪ ಅಮ್ಮ, ಎರಡೂ ಕಡೆ ಮುಕ್ಕಾಲು ಮುಕ್ಕಾಲು ತಿನ್ನುತ್ತದೆ ಎಂದ. ಅದು ಸರಿಯೆನಿಸಿತು. ಬಾಗಿಲ ಮೇಲಿನ ತೊಲೆಗೆ ಹೊಸ ಕಬ್ಬಿಣವನ್ನೇ ಹಾಕಿದ್ದೇನೆಂದು ಹೇಳಿ, ಅದರ ಬಿಲ್ಲನ್ನೂ ಅಲ್ಲೇ ನಿಂತು ಕೊಟ್ಟ. ಮಾರನೆಯ ದಿನ ಅಳೆದರೆ ಮೂವತ್ಮೂರು. ಈ ಸಲ ಪ್ಲಾಸ್ಟರ್ ಹಾಕಿರಲಿಲ್ಲ. ಟೈಲರಮ್ಮ ಟೇಪನ್ನು ಬೆಳಕಿಗೆ ಹಿಡಿದು ನೋಡಿದಳು, ಬಿಸಾಡಿ ಹೊಸದು ತಂದಳು. ಅದರಲ್ಲೂ ಮೂವತ್ಮೂರೇ. ಅಳತೆಯಲ್ಲಿ ಹೊಡೆಯುವ ಕಳ್ಳನೆಂದು ಮೇಸ್ತ್ರಿಯನ್ನು ಬೈದಳು. ಅವನು ತನ್ನ ಮಕ್ಕಳ ಮೇಲೆ ಆಣೆ ಇಟ್ಟ. ತಾತನ ಕತೆ ಇಬ್ಬರಿಗೂ ನೆನಪಾಯಿತು, ಇಬ್ಬರೂ ಅದರ ಸುದ್ದಿ ಎತ್ತಲಿಲ್ಲ.

ಗಡುವಿನ ದಿನ ಗಂಡ ಮನೆಗೆ ಬಂದ. ಗಾಲಿಕುರ್ಚಿ ಇಪ್ಪತ್ತಾರಿಂಚು ಅಗಲವಿತ್ತು. ಬಾಗಿಲಲ್ಲಿ ತೂರುವಾಗ ಅವನು ಎರಡೂ ಕಡೆ ಕಣ್ಣಾಡಿಸಿ, “ಒಂದೊಂದು ಮುಷ್ಟಿ ಜಾಗ. ಡಬಲ್ ಡೆಕ್ಕರ್ ಹೋಗ್ಬಹುದು ಕಣೇ,” ಎಂದು ಹಾರ್ನ್ ಹೊಡೆದಂತೆ ಬಾಯಲ್ಲಿ ಸದ್ದು ಮಾಡಿದ. ನಾಲ್ಕು ತಿಂಗಳ ಮೇಲೆ ಅವಳು ಅವತ್ತು ಮನಸಾರೆ ನಕ್ಕಳು. ಬಚ್ಚಲ ಮನೆಯ ಬಿಳಿ ಟೈಲ್ಸ್ ನೋಡಿ ಅವನಿಗೆ ಕಣ್ಣು ತುಂಬಿ ಬಂತು. ಆಸ್ಪತ್ರೆಯಲ್ಲಿ ಕಂಡಕಂಡವರ ಕೈಯಲ್ಲಿ ಮೈ ತೊಳೆಸಿಕೊಂಡು ಸೋತುಹೋಗಿದ್ದ. ದುಡ್ಡೆಲ್ಲ ಹೇಗೆ ಹೊಂದಿಸಿದೆ ಎಂದು ಕೇಳಿದ. ಸಾಲ ಪೂರ್ತಿ ಸಿಕ್ಕಿತು ಎಂದು ಅವನಿಗೂ ಅದೇ ಹೇಳಿದಳು.

ಆ ವಾರ ಮೇಸ್ತ್ರಿ ಹಜಾರಕ್ಕೆ ಬಂದು ಕುಳಿತ. ಬ್ಯಾಂಕಿನಲ್ಲಿ ಸಹಿ ಹೊಂದುತ್ತಿಲ್ಲವಂತೆ, ವಾರದ ಕೊನೆಗೆ ಬಂದೇ ಬರುತ್ತದೆ ಎಂದು ಸಾಗಹಾಕಿದಳು. ಅವನು ಹೋದ ಮೇಲೆ ಗಂಡನನ್ನು ಹಜಾರಕ್ಕೆ ತಳ್ಳಿಕೊಂಡು ಬರುವಾಗ ಅವನು ಬಾಗಿಲಲ್ಲಿ ಕುರ್ಚಿ ನಿಲ್ಲಿಸಿದ.

“ಲೇ, ಬಂದ ದಿನ ಇಲ್ಲಿ ಮುಷ್ಟಿ ಜಾಗ ಇತ್ತು. ಈಗ ಎರಡು ಬೆರಳಿದೆ. ನನ್ನ ಕಾಲು ಹೋಗಿರ್ಬಹುದು, ಕಣ್ಣು ಹೋಗಿಲ್ಲ.”

ಅವಳು ಭ್ರಮೆ ಎಂದು ಬಾಯಿ ಮುಚ್ಚಿಸಿದಳು. ಅವನು ಮಲಗಿದ ಮೇಲೆ ಅಳೆದಳು. ಮೂವತ್ತು. ಮಂಚಕ್ಕೂ ಗೋಡೆಗೂ ನಡುವೆ ನಿಂತು ಅವನನ್ನು ಮಗ್ಗುಲು ತಿರುಗಿಸುತ್ತಿದ್ದವಳು ಈಗ ಅಲ್ಲಿಗೆ ಅಡ್ಡಡ್ಡ ನುಸುಳಬೇಕಾಗಿತ್ತು. ಗೋಡೆಗೆ ಕಿವಿಯಿಟ್ಟಳು. ಒಳಗೆ ಮರಳು ಇನ್ನೂ ಸಣ್ಣಗೆ ಜಾರುತ್ತಿತ್ತು. ಕೂದಲು ಸುಟ್ಟ ವಾಸನೆ ಈಗ ಗಂಡನ ದಿಂಬಿನಲ್ಲೂ ಇತ್ತು. ಟೇಪು ಸುಳ್ಳು ಹೇಳುವುದಿಲ್ಲವೆಂದು ಅವಳಷ್ಟು ಚೆನ್ನಾಗಿ ತಿಳಿದವರು ಯಾರೂ ಇರಲಿಲ್ಲ.

ಹೀಗೆ ನಂಬಿಕೆ ಬಂದ ಮೇಲಾದರೂ ಹೆಂಗಸು ಸತ್ಯ ಹೇಳಿದಳೇ? ಇಲ್ಲ. ಸುಳ್ಳನ್ನು ಬೀದಿಗೆ ಸಾಗಿಸಿದಳು. ಮೇಸ್ತ್ರಿಯ ಸ್ಕೂಟರಿನ ಸದ್ದು ಕೇಳಿದರೆ ಸಾಕು, ಓಡಿಹೋಗಿ ಗೇಟಿನಾಚೆಯೇ ತಡೆದು ನಿಲ್ಲಿಸಿಕೊಂಡು ಅಲ್ಲಿ ಕಂತಿನ ಕತೆ ಕಟ್ಟುತ್ತಿದ್ದಳು. ಮನೆಯೊಳಗೆ ನಿಂತು ಹೇಳಿದರೆ ತಾನೇ? ಎರಡು ವಾರ ಬಾಗಿಲು ಮೂವತ್ತರಲ್ಲೇ ನಿಂತಿತು. ತನ್ನ ಜಾಣತನಕ್ಕೆ ತಾನೇ ಸಮಾಧಾನಪಟ್ಟುಕೊಂಡು ಅವಳು ಅಂಗಡಿಗೆ ಹೋಗಿ ಬರತೊಡಗಿದಳು. ಗಡುವಿನೊಳಗೆ ಬೇಕಾದದ್ದೆಲ್ಲ ಆಗಿತ್ತು, ಅಡುಗೆಮನೆಯೂ ಮುಗಿದಿತ್ತು, ಮೇಸ್ತ್ರಿಯ ದುಡ್ಡು ಮಾತ್ರ ಹಾಗೇ ನಿಂತಿತ್ತು.

ಇಪ್ಪತ್ತೊಂದನೇ ತಾರೀಖು ಮಧ್ಯಾಹ್ನ ಅವಳು ಊಟಕ್ಕೆಂದು ಬಂದಾಗ ಗೇಟಿನ ಮುಂದೆ ಸ್ಕೂಟರ್ ನಿಂತಿತ್ತು, ಮೇಸ್ತ್ರಿ ಇರಲಿಲ್ಲ. ಓಡಿದಳು. ಒಳಗೆ ಕರೆಂಟ್ ಹೋಗಿತ್ತು. ಹಜಾರದ ಮಬ್ಬಿನಲ್ಲಿ ಮೇಸ್ತ್ರಿ ನಡುಕೋಣೆಯ ಬಾಗಿಲ ಹೊರಗೆ ಸ್ಟೂಲಿನ ಮೇಲೆ ಕೂತಿದ್ದ. ಗಂಡ ಒಳಗೆ ಮಂಚದ ಮೇಲೆ ಒರಗಿ ಅವನೊಂದಿಗೆ ಮಾತಾಡುತ್ತಿದ್ದ. ಮೇಸ್ತ್ರಿಯ ಮುಖ ಸೋತುಹೋಗಿತ್ತು. ಎರಡು ವಾರದಿಂದ ಕೂಲಿ ಸಿಗದ ಕೆಲಸದವರು ಬೆಳಿಗ್ಗೆ ಅವನ ಮನೆ ಮುಂದೆ ಬಂದು ಕೂತಿದ್ದರಂತೆ. ಅವರಲ್ಲೊಬ್ಬ ಅವನ ಹೆಂಡತಿಯೆದುರೇ ಅವನ ಕೊರಳಪಟ್ಟಿ ಹಿಡಿದನಂತೆ.

“ಬಂದ್ಲು ನೋಡಿ,” ಎಂದ ಗಂಡ. “ಲೇ, ಮೇಸ್ತ್ರಿಗೆ ಹೇಳು. ಸಾಲ ಪೂರ್ತಿ ಬಂದಿದೆ ಅಂದಿದ್ಯಲ್ಲ? ಪಾಪ, ಅವರ ದುಡ್ಡು ಯಾಕೆ ಹಿಡ್ಕೊಂಡಿದೀಯ?”

ಹೊರಗೆ ಬನ್ನಿ ಮೇಸ್ತ್ರಿ, ಹೊರಗೆ ಮಾತಾಡೋಣ ಎಂದಳು. ಅವನು ಕದಲಲಿಲ್ಲ. ಎರಡು ವಾರದಿಂದ ನನ್ನನ್ನು ಬೀದೀಲೇ ನಿಲ್ಲಿಸಿದ್ದೀರಿ, ಇವತ್ತು ಇಲ್ಲೇ, ನಿಮ್ಮ ಯಜಮಾನರ ಎದುರಿಗೇ ಆಗಬೇಕು ಎಂದ. ದುಡ್ಡು ಖಾತೆಗೆ ಬಂದಿದೆಯೋ ಇಲ್ಲವೋ, ಒಂದು ಮಾತು ಹೇಳಿ.

ಗಂಡನ ಮುಖದಲ್ಲಿ ಅವಳ ಬಗ್ಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಆ ನಂಬಿಕೆಯೇ ಅವಳನ್ನು ಕೆಡಿಸಿತು. ಅವನ ಮುಂದೆ ಸುಳ್ಳಿಯಾಗಲು ಅವಳಿಂದ ಆಗಲಿಲ್ಲ.

“ಬಂದಿದೆ,” ಎಂದಳು. “ಪೂರ್ತಿ ಬಂದಿದೆ. ನಾಳೆ ಬೆಳಿಗ್ಗೆ ಕೊಡ್ತೀನಿ.”

ಮನೆ ಗಕ್ಕನೆ ಉಸಿರು ಎಳೆದುಕೊಂಡಿತು.

ಮೊದಲು ಸದ್ದು. ಗೋಡೆಗಳೊಳಗೆ ಲಾರಿಗಟ್ಟಲೆ ಮರಳು ಸುರಿದ ಸದ್ದು. ಆಮೇಲೆ ವಾಸನೆ, ಕಣ್ಣುರಿಯುವಷ್ಟು ಸುಣ್ಣ, ಗಂಟಲು ಕಟ್ಟುವಷ್ಟು ಸುಟ್ಟ ಕೂದಲು. ನಡುಕೋಣೆಯ ಕಿಟಕಿಯಿಂದ ಬೀಳುತ್ತಿದ್ದ ಬೆಳಕಿನ ಪಟ್ಟಿ ಕಿರಿದಾಯಿತು. ಇನ್ನೂ ಕಿರಿದಾಯಿತು. ದಾರದಷ್ಟಾಯಿತು. ಆರಿಹೋಯಿತು. ಹೊರಗೆ ಸುಡುಬಿಸಿಲು. ಒಳಗೆ ಕಗ್ಗತ್ತಲು.

“ಯಾರದು ಕಿಟಕಿ ಮುಚ್ಚಿದ್ದು?” ಎಂದ ಗಂಡ. ಆಮೇಲೆ, ಬೇರೆಯೇ ದನಿಯಲ್ಲಿ, “ಲೇ. ಗೋಡೆ ನನ್ನ ಭುಜಕ್ಕೆ ತಾಗ್ತಿದೆ.”

ಅವಳು ಬಾಗಿಲಿಗೆ ಹಾರಿದಳು. ಬಾಗಿಲು ಆಗಲೇ ಬಾಗಿಲಾಗಿ ಉಳಿದಿರಲಿಲ್ಲ. ತೋಳು ಒಳಗೆ ಹೋಯಿತು. ಭುಜ ಸಿಕ್ಕಿಕೊಂಡಿತು. ಕತ್ತಲಲ್ಲಿ ಅವನ ಬೆರಳು ತಡಕಾಡಿ ಅವಳ ಬೆರಳನ್ನು ಹಿಡಿಯಿತು. ಮಂಚದ ಮರ ಲಟಲಟನೆ ಮುರಿಯಿತು. ಮೇಸ್ತ್ರಿ ಗೋಡೆಗೆ ಬೆನ್ನು ಕೊಟ್ಟು ಒದ್ದಾಡಿದ. ಕಾಲು ಜಾರಿ ಬಿದ್ದ. ಎದ್ದ. ಮತ್ತೆ ಒತ್ತಿದ. ಮೂವತ್ತು ವರ್ಷ ಗೋಡೆ ಕಟ್ಟಿದವನಿಗೆ ಗೋಡೆ ಒಂದಿಷ್ಟೂ ಮರ್ಯಾದೆ ಕೊಡಲಿಲ್ಲ.

“ಸುಳ್ಳು!” ಎಂದು ಅವಳು ಚೀರಿದಳು. “ದುಡ್ಡು ಬಂದಿಲ್ಲ. ಮೊದಲನೇ ದಿನವೂ ಇರ್ಲಿಲ್ಲ. ಬ್ಯಾಂಕಿನೋರು ಕೊಡಲ್ಲ ಅಂದಿದ್ರು. ಗೊತ್ತಿದ್ದೇ ನಿಮ್ ಕೈಲಿ ಕೆಲಸ ಮಾಡಿಸ್ಕೊಂಡೆ.”

ಮರಳು ನಿಂತಿತು.

ಬಾಗಿಲು ಒಂಬತ್ತಿಂಚು ಇದ್ದೀತು, ಟೇಪಿಲ್ಲದೆಯೇ ಅವಳಿಗೆ ತಿಳಿಯಿತು. ಗಂಡ ಒಳಗಿನಿಂದ ಹಿಡಿದ ಬೆರಳು ಬಿಡಲಿಲ್ಲ.

ಅವಳು ಇನ್ನೊಂದು ಕೈಯಿಂದ ಮೇಸ್ತ್ರಿಯ ಅಂಗಿ ಹಿಡಿದೆಳೆದಳು. ನಿಮ್ಮದೇನಿದೆ, ಅದನ್ನೂ ಹೇಳಿ ಎಂದಳು. ಅವನು ಬಡಬಡನೆ ಬಾಯಿಬಿಟ್ಟ. ತೊಲೆಗೆ ಹಾಕಿದ್ದು ಹಳೆಯ ಕಬ್ಬಿಣ, ಬಿಲ್ಲು ಹೊಸದರದ್ದು. ಸಿಮೆಂಟು ಇಪ್ಪತ್ತು ಮೂಟೆ ಬರೆದದ್ದು, ತಂದದ್ದು ಹದಿನಾಲ್ಕು. ಗೋಡೆ ನರಳಿತು. ಎರಡು ಬೆರಳು ಹಿಂದೆ ಸರಿಯಿತು.

ಮೂವರಿಗೂ ಅದು ಗೊತ್ತಾಯಿತು. ನಿಜಕ್ಕೆ ಗೋಡೆ ಹಿಂದೆ ಹೋಗುತ್ತದೆ! ಅವಳು ಮೈಯೆಲ್ಲ ಬಾಯಾಗಿ ಕೂಗಿದಳು. ಒಂದು ವರ್ಷ, ಒಂದೇ ವರ್ಷ ಕೊಡಿ ಮೇಸ್ತ್ರಿ, ಹಗಲೂ ರಾತ್ರಿ ಹೊಲಿದು ನಿಮ್ಮ ದುಡ್ಡು ಪೈಸೆ ಬಿಡದೆ ತೀರಿಸುತ್ತೇನೆ.

ಗೋಡೆ ಒಂದು ಗೇಣು ಒಳಗೆ ಬಂತು. ಗಂಡ ಕಿರುಚಿದ. ಅವಳು ಕೈ ಹೊರಗೆಳೆದುಕೊಳ್ಳದಿದ್ದರೆ ತೋಳಿನ ಮೂಳೆ ಮುರಿಯುತ್ತಿತ್ತು. ಅವನ ಬೆರಳು ತಪ್ಪಿಹೋಯಿತು.

ಅವಳು ಸುಳ್ಳು ಹೇಳಿರಲಿಲ್ಲ. ತೀರಿಸಬೇಕೆಂದು ಹೊಟ್ಟೆಯೊಳಗಿಂದಲೇ ಹೇಳಿದ್ದಳು. ಆದರೆ ಅದು ಅವಳಿಂದ ಆಗುವುದಿಲ್ಲ ಎಂಬುದು ಗೋಡೆಗೆ ಗೊತ್ತಿತ್ತು. ಮುಂದೆ ಆಗುವುದು ಆಗದಿರುವುದು, ಎರಡೂ ಅದಕ್ಕೆ ಗೊತ್ತಿತ್ತು.

“ನಂಗೆ ದುಡ್ಡೇ ಬೇಡಮ್ಮ!” ಮೇಸ್ತ್ರಿ ಅಳುತ್ತಿದ್ದ. “ಬಿಟ್ಟೆ. ಪೂರ್ತಿ ಬಿಟ್ಬಿಟ್ಟೆ. ಒಂದು ಪೈಸೆನೂ ಬೇಡ.”

ಗೋಡೆ ಮತ್ತೆ ಬಂತು. ಬಡವನ ಮನಸ್ಸು ಅದನ್ನು ಎಲ್ಲಿ ಬಿಟ್ಟಿತ್ತು? ಅವನ ಮನೆ ಮುಂದೆ ಒಂಬತ್ತು ಜನ ಕೂತಿದ್ದರು. ಅವನು ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡು ನೆಲಕ್ಕೆ ಕುಸಿದ. ಬಾಗಿಲಿದ್ದಲ್ಲಿ ಈಗ ಒಂದು ಸೀಳು, ಅಂಗೈ ತೂರದಷ್ಟು. ಅದರಿಂದ ಗಂಡನ ಉಸಿರು ಬರುತ್ತಿತ್ತು. ಗೊರಗೊರ. ನಿಂತು ನಿಂತು. ಅವಳು ಸೀಳಿಗೆ ಬಾಯಿಯಿಟ್ಟು ರೀ, ರೀ ಎಂದಳು. ಏನು ಹೇಳುವುದಕ್ಕೂ ಹೆದರಿಕೆ. ಯಾವ ಮಾತು ಸುಳ್ಳಾಗಿ ಅವನನ್ನು ಹಿಸುಕುತ್ತದೋ.

ಒಳಗಿನಿಂದ ಅವನ ದನಿ ಬಂತು. ಒಂದೊಂದೇ ಮಾತು.

“ಮೇಸ್ತ್ರಿ. ಕೇಳಿಸ್ತಿದೆಯಾ? ನಾನು ಮಾತು ಕೊಡ್ತೀನಿ. ನನ್ನ ಹೆಸರಲ್ಲಿ ದುಡ್ಡಿದೆ. ಈ ತಿಂಗಳು ಮುಗಿಯೋದ್ರೊಳಗೆ. ನಿಮ್ಮ ಬಾಕಿ ಅಷ್ಟೂ. ನಿಮ್ಮ ಕೈಲಿರುತ್ತೆ.”

ಟೈಲರಮ್ಮ ಕಣ್ಣು ಬಿಗಿಯಾಗಿ ಮುಚ್ಚಿದಳು. ಅವನ ಹೆಸರಲ್ಲಿ ದುಡ್ಡಿದ್ದರೆ ಅವಳಿಗೆ ಗೊತ್ತಿರುತ್ತಿರಲಿಲ್ಲವೇ? ಇನ್ನೊಂದು ಸುಳ್ಳು. ಇದೇ ಕೊನೆಯದು. ಮೂಳೆ ಮುರಿಯುವ ಸದ್ದಿಗಾಗಿ ಕಾದಳು.

ಮರಳು ಸುರಿಯಿತು. ಈ ಸಲ ಗೋಡೆಗಳು ಹಿಂದಕ್ಕೆ ಜಾರಿದವು. ಸೀಳು ಅಂಗೈಯಷ್ಟಾಯಿತು, ಗೇಣಾಯಿತು, ಬಾಗಿಲಾಯಿತು. ಕಿಟಕಿಯಿಂದ ಬಿಸಿಲು ದಡಾರನೆ ಒಳಗೆ ಬಿತ್ತು. ಚಾಕ್‌ಪೀಸಿನಿಂದ ಬರೆದ ಮೂವತ್ತಾರು ಪ್ಲಾಸ್ಟರಿನಡಿಯಿಂದ ಮತ್ತೆ ಮೇಲೆದ್ದು ಕಂಡಿತು. ವಾಸನೆ ಇರಲಿಲ್ಲ. ಮುರಿದ ಮಂಚದ ಚೂರುಗಳ ನಡುವೆ ಗಂಡ ಗೋಡೆಗೊರಗಿ, ಹುಡಿ ಮೆತ್ತಿದ ಮುಖದಲ್ಲಿ ಕಣ್ಣು ಪಿಳಿಪಿಳಿ ಬಿಡುತ್ತಿದ್ದ. ಭುಜ ತರಚಿತ್ತು. ಅದು ಬಿಟ್ಟರೆ ಏನೂ ಆಗಿರಲಿಲ್ಲ.

ಇಬ್ಬರೂ ಸೇರಿ ಅವನನ್ನು ಎತ್ತಿಕೊಂಡು ಬೀದಿಗೆ ಓಡಿದರು. ಮೇಸ್ತ್ರಿಯೇ ಬಾಡಿಗೆ ವ್ಯಾನು ತಂದ. ಒಳಗೆ ಬಟ್ಟೆಯ ಗಂಟುಗಳನ್ನು ಹಾಸಿ ಮಲಗಿಸಿದರು. ಇನ್ನು ಮನೆ ಬೇಡ, ಏನೂ ಬೇಡ, ಟೈಲರ್ ಅಂಗಡಿಯ ಹಿಂಬದಿಯಲ್ಲೇ ಚಾಪೆ ಹಾಸಿಕೊಂಡಿರೋಣ ಎಂದಳು ಅವಳು. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮನಸಾರೆ ಅತ್ತಳು. ಮೇಸ್ತ್ರಿ ವ್ಯಾನಿನ ಬಾಗಿಲು ಹಾಕುವ ಮುಂಚೆ ಕೈ ಮುಗಿದ. ನೀವು ಮಾತು ಕೊಟ್ಟಿದ್ದೀರಿ ಅಣ್ಣ, ತಿಂಗಳ ಕೊನೆಗೆ ಬರ್ತೀನಿ ಎಂದ. ಗೋಡೆಯೇ ಸಾಕ್ಷಿ ಹೇಳಿದ ಮಾತು ಅದು. ಅವನ ಮುಖದಲ್ಲಿ ಎಷ್ಟೋ ದಿನದ ಮೇಲೆ ನೆಮ್ಮದಿ ಕಾಣುತ್ತಿತ್ತು.

ವ್ಯಾನು ತಿರುವಿನಲ್ಲಿ ಹೊರಳಿದ ಮೇಲೆ ಅವಳು ಕಣ್ಣೊರೆಸಿಕೊಂಡಳು. ತನ್ನ ಸುಳ್ಳಿಗೆ ಅವನು ಬೈದರೂ ಸರಿ, ಬೈಯಲಿ ಎಂದುಕೊಂಡಳು. ಆಮೇಲೆ, ಬಚ್ಚಿಟ್ಟ ದುಡ್ಡಿಗೆ ಮುನಿಸಿಕೊಂಡ ಹೆಂಡತಿಯ ದನಿ ತಂದುಕೊಂಡು, ಅದ್ಯಾವ ದುಡ್ಡು ರೀ, ನನಗೆ ಗೊತ್ತಿಲ್ಲದ್ದು ಎಂದು ಕೇಳಿದಳು.

ಗಂಡ ಪಕ್ಕೆ ಹಿಡಿದುಕೊಂಡು ನಕ್ಕ. ನಕ್ಕು ಕೆಮ್ಮಿದ.

“ಎಲ್ಲಿಂದ ಬರ್ಬೇಕು ದುಡ್ಡು? ನನ್ನ ಹೆಸರಲ್ಲಿರೋದು ಡ್ರೈವರುಗಳ ಸಂಘದ ನಿಧಿ ಒಂದೇ. ಅದೂ ನಾನು ಹೋದ್ಮೇಲೆ ನಿನ್ನ ಕೈಗೆ ಬರೋದು. ಮೂರನೇ ದಿನಕ್ಕೆಲ್ಲಾ ಮನೆಗೇ ತಂದು ಕೊಡ್ತಾರೆ. ಉಸಿರು ಕಟ್ಟಿದಾಗ ಬಾಯಿಗೆ ಬಂದದ್ದು ಹೇಳ್ದೆ ಕಣೇ. ಆ ಮನೆಗೇ ಮೋಸ ಮಾಡ್ಬಿಟ್ಟೆ ನೋಡು.”

ಆ ಗೋಡೆ ಸುಳ್ಳಿಗೆ ಹಿಂದೆ ಸರಿಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ತಿಂಗಳಿಗೆ ಮೂವತ್ತೇ ದಿನ, ಅವತ್ತು ಇಪ್ಪತ್ತೊಂದು, ಅದರಲ್ಲಿ ಮೂರು ದಿನ ಸಂಘದವರಿಗೆ ಬೇಕು. ಅವಳ ಕೈ ತಾನಾಗಿ ಅವನ ಎದೆಯ ಮೇಲೆ ಹೋಗಿ ಕೂತಿತು. ಬಡಿತ ಚೆನ್ನಾಗಿಯೇ ಇತ್ತು. ವ್ಯಾನಿನವನ ಭುಜ ತಟ್ಟಿ, ಅಂಗಡಿ ಬೇಡ, ಆಸ್ಪತ್ರೆಗೆ ತಿರುಗಿಸಿ ಎಂದಳು.

“ಆಸ್ಪತ್ರೆಗೆ ಯಾಕೆ?” ಎಂದ ಗಂಡ. “ನಂಗೇನಾಗಿದೆ? ಚೆನ್ನಾಗಿದ್ದೀನಲ್ಲ.”